ಮಾರಮ್ಮ ತಡ ಮಾಡಿರಲಿಲ್ಲ

ಹೆತ್ತೂರು ಕಡೆಯ ಮಾರಮ್ಮನವರ ಬಗ್ಗೆ ಬರೆಯುವ ಮೊದಲು ನನ್ನ ಬಗ್ಗೆ ನಾಲ್ಕು ಮಾತು ಬರೆದು ಕೈ ತೊಳೆದುಕೊಳ್ಳುತ್ತೇನೆ. ಏಕೆಂದರೆ ಅರವತ್ತೆರಡು ವರ್ಷದ ಆ ಹೆಂಗಸಿಗೆ ಎರಡು ಹೋಬಳಿಯ ನೆಂಟರೆದುರು ಕೆಟ್ಟ ಹೆಸರು ಬಂದದ್ದು ನನ್ನಿಂದ. ಅದೂ ನಾನು ಬುದ್ಧಿವಂತಿಕೆ ತೋರಿಸಲು ಹೋಗಿ.

ನಾನು ಹಾನುಬಾಳು ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ಹಾಕುವುದು, ಮಧ್ಯಾಹ್ನ ಸಾಹುಕಾರರಿಂದ ಬೈಸಿಕೊಳ್ಳುವುದು, ಸಂಜೆ ಅದೇ ಬೈಗುಳವನ್ನು ಮೇಸ್ತ್ರಿಗೆ ದಾಟಿಸುವುದು ನನ್ನ ಕೆಲಸ. ಎರಡು ಸಾವಿರದ ಮೂರನೇ ಇಸವಿಯಲ್ಲಿ, ಮದುವೆಗೆಂದು ಕೂಡಿಟ್ಟಿದ್ದ ದುಡ್ಡಿನಲ್ಲಿ ಒಂದು ಹಳೆಯ ಕಂಪ್ಯೂಟರ್ ತಂದೆ. ಕೊಟ್ಟವನು ಬಾಳ್ಳುಪೇಟೆಯ ಅಂಗಡಿಯ ರಯೀಸ್. ಅದರ ಜೊತೆಗೆ ಒಂದು ಸಿ.ಡಿ.ಯನ್ನೂ ಕೊಟ್ಟು, "ಹಾಡು ರೆಕಾರ್ಡ್ ಮಾಡೋ ಸಾಫ್ಟ್‌ವೇರ್ ಐತೆ ಅಣ್ಣ ಇದ್ರಲ್ಲಿ. ಇನ್ನು ಮನೇಲೇ ಸ್ಟುಡಿಯೋ" ಅಂದ. ನನ್ನ ಹತ್ತಿರ ಒಂದು ಸಣ್ಣ ಕೀಬೋರ್ಡ್ ಇತ್ತು, ಸಂಗೀತ ನಿರ್ದೇಶಕನಾಗುವ ಆಸೆ ಇತ್ತು. ಇಲ್ಲದೆ ಇದ್ದದ್ದು ಸಂಗೀತ ಒಂದೇ.

ಆ ಡಬ್ಬಿಯ ಬೆನ್ನಿನಲ್ಲಿ ಮೂರು ತೂತುಗಳಿದ್ದವು: ಗುಲಾಬಿ, ಹಸಿರು, ನೀಲಿ. ಮೈಕಿನ ವೈರನ್ನು ಹಸಿರಿಗೆ ಸಿಕ್ಕಿಸಿ ಒಂಬತ್ತು ದಿನ "ಹಲೋ, ಹಲೋ" ಅಂದೆ. ಹತ್ತನೆಯ ದಿನ ಗುಲಾಬಿಗೆ ಬದಲಾಯಿಸಿದ ಮೇಲೆ ನನ್ನ ದನಿ ಒಳಗೆ ಹೋಯಿತು, ಜೊತೆಗೆ ಎಸ್ಟೇಟಿನ ನೀರಿನ ಮೋಟಾರಿನ ಗುಂಯ್ ಸದ್ದೂ ಹೋಯಿತು. ಗುಂಯ್ ತೆಗೆಯುವ ಬಟನ್ ಹುಡುಕಲು ಎರಡು ತಿಂಗಳು ಹಿಡಿಯಿತು. ಒತ್ತಿದರೆ ಗುಂಯ್ ಉಳಿದು ನನ್ನ ದನಿ ಹೋಯಿತು. ಇಂಗ್ಲಿಷಿನ ಸಹಾಯಪುಸ್ತಕ ಅದರೊಳಗೇ ಇತ್ತು, ನಾನೂರು ಪುಟ. ಅದು ಗೊತ್ತಿದ್ದವರಿಗೆ ಗೊತ್ತಿರುವುದನ್ನೇ ಹೇಳುತ್ತಿತ್ತು.

ವರ್ಷ ಕಳೆಯುವ ಹೊತ್ತಿಗೆ ಒಂದು ವಿದ್ಯೆ ಮಾತ್ರ ಕೈಗೆ ಬಂತು. ಒಂದು ದನಿಯನ್ನು ಪರದೆಯ ಒಂದು ಸಾಲಿನಲ್ಲಿ ರೆಕಾರ್ಡ್ ಮಾಡಿ, ಅದನ್ನು ಕಿವಿಗೆ ಹಾಕಿಕೊಂಡು ಕೇಳುತ್ತಾ ಎರಡನೇ ದನಿಯನ್ನು ಇನ್ನೊಂದು ಸಾಲಿನಲ್ಲಿ ರೆಕಾರ್ಡ್ ಮಾಡುವುದು. ಆಮೇಲೆ ಎರಡೂ ಒಟ್ಟಿಗೆ ಕೇಳಿಸುತ್ತವೆ. ನನ್ನ ಹಾಡಿನ ಮೇಲೆ ನನ್ನದೇ ಕೀಬೋರ್ಡ್ ಕೂರಿಸಿದೆ. ಕೀಬೋರ್ಡು ಪ್ರತಿ ಸಲವೂ ಹಾಡಿನ ಹಿಂದೆ ಕುಂಟುತ್ತಾ ಬರುತ್ತಿತ್ತು. ನನಗೆ ತಾಳಜ್ಞಾನವಿಲ್ಲ ಎಂದು ಒಪ್ಪಿಕೊಂಡು ಸುಮ್ಮನಾದೆ. ಒಪ್ಪಲು ಕಷ್ಟವೇನೂ ಆಗಲಿಲ್ಲ. ಶಾಲೆಯ ಪೆರೇಡಿನಲ್ಲೂ ಮೇಷ್ಟ್ರು ನನ್ನನ್ನು ಕೊನೆಯ ಸಾಲಿಗೆ ಹಾಕುತ್ತಿದ್ದರು.

ಇನ್ನು ಮಾರಮ್ಮನವರು. ಅವರ ತವರು ನಮ್ಮ ಎಸ್ಟೇಟಿನ ಬೇಲಿಗೆ ಹೊಂದಿಕೊಂಡ ತಿಮ್ಮಯ್ಯನ ಮನೆ. ತಿಮ್ಮಯ್ಯನ ತಾಯಿ ಕೆಂಚಮ್ಮ ಆ ಮನೆಗೆ ಸೊಸೆಯಾಗಿ ಬಂದವರು, ಮಾರಮ್ಮ ಆ ಮನೆಯ ಮಗಳು, ಅಂದರೆ ಕೆಂಚಮ್ಮನ ನಾದಿನಿ. ಕೆಂಚಮ್ಮ ಹದಿನೇಳರ ಸೊಸೆಯಾಗಿ ಬಂದಾಗ ಮಾರಮ್ಮನಿಗೆ ಹದಿನೈದು. ನಾಲ್ಕು ವರ್ಷ ಇಬ್ಬರೂ ಒಂದೇ ಒರಳಿನಲ್ಲಿ ಭತ್ತ ಕುಟ್ಟಿದರು, ಒಂದೇ ಗದ್ದೆಯಲ್ಲಿ ನಾಟಿ ಹಾಕಿದರು. ಆಮೇಲೆ ಮಾರಮ್ಮನನ್ನು ಹೆತ್ತೂರು ಕಡೆಗೆ ಕೊಟ್ಟರು. ಎರಡೆಕರೆ ಕಾಫಿ, ಚೂರು ಏಲಕ್ಕಿ, ಮಾತು ಕಡಿಮೆಯ ಗಂಡ. ಎಮ್ಮೆ ಕರೆದು, ತೋಟ ನೋಡಿ, ಮೂರು ಮಕ್ಕಳನ್ನು ದಡ ಹತ್ತಿಸಿದರು. ಗಡಿಯಾರ ಕಟ್ಟಿದವರಲ್ಲ. ಆದರೆ ಮೊದಲ ಬಸ್ಸು ತಿರುವಿನಲ್ಲಿ ಕಾಣುವ ಮೊದಲೇ ಇವರು ರಸ್ತೆಯಲ್ಲಿ ನಿಂತಿರುತ್ತಿದ್ದರು.

ಆ ಮನೆತನದಲ್ಲಿ ಒಂದು ಪದ್ಧತಿ ಇದೆ. ಮದುವೆಯ ದಿನ ಹೆಣ್ಣನ್ನು ಗಂಡಿನವರಿಗೆ ಒಪ್ಪಿಸುವಾಗ ಒಂದು ಪದ ಹೇಳುತ್ತಾರೆ. ಮನೆಗೆ ಬಂದ ಸೊಸೆ ಸಾಲು ಹೇಳಬೇಕು, ಮನೆಯಿಂದ ಹೋದ ಮಗಳು ಅದನ್ನು ಎತ್ತಿಕೊಳ್ಳಬೇಕು. ಬಂದವಳು ಕೊಡುತ್ತಾಳೆ, ಹೋದವಳು ಕರೆದುಕೊಳ್ಳುತ್ತಾಳೆ. ಎತ್ತಿಕೊಳ್ಳುವವಳು ಸಾಲು ಮುಗಿಯುವ ಮೊದಲೇ ಅದರ ಕೊನೆಯ ಮಾತನ್ನು ಹಿಡಿಯಬೇಕು. ನಡುವೆ ಸಂದು ಬಿಟ್ಟರೆ ಹುಡುಗಿ ಆ ಮನೆಗೂ ಇಲ್ಲದೆ ಈ ಮನೆಗೂ ಇಲ್ಲದೆ ದಾರಿಯಲ್ಲಿ ನಿಲ್ಲುತ್ತಾಳೆ ಎಂಬ ನಂಬಿಕೆ.

ಸಾವಿರದ ಒಂಬೈನೂರ ತೊಂಬತ್ತೆಂಟರಲ್ಲಿ ತಿಮ್ಮಯ್ಯನ ದೊಡ್ಡ ಮಗಳು ಚೈತ್ರಶ್ರೀಯ ಮದುವೆಯ ದಿನ ಮಾರಮ್ಮ ಹತ್ತಿದ್ದ ಬಸ್ಸು ಅರ್ಧ ದಾರಿಯಲ್ಲಿ ಕೆಟ್ಟು ನಿಂತಿತು. ನಾಲ್ಕು ಮೈಲಿ ನಡೆದು, ಒಂದು ಜೀಪಿಗೆ ಕೈಯೊಡ್ಡಿ, ಸಕಲೇಶಪುರದಿಂದ ಹಾಲಿನ ವ್ಯಾನು ಹಿಡಿದು ಅವರು ತವರಿನ ಗೇಟಿಗೆ ಬಂದಾಗ ಗಂಡಿನವರ ಬಸ್ಸು ಹುಡುಗಿಯನ್ನು ಕರೆದುಕೊಂಡು ಹೋಗಿ ಆಗಿತ್ತು. ಕೆಂಚಮ್ಮ ಎರಡೂ ದನಿಯನ್ನು ಒಬ್ಬರೇ ಹೇಳಿ, ಗಂಟಲು ಕಟ್ಟಿ, ಸಿಟ್ಟಿನಲ್ಲಿ ಕುದಿಯುತ್ತಾ ಚಪ್ಪರದ ಬಾಯಲ್ಲಿ ನಿಂತಿದ್ದರು. ನೂರು ಜನರೆದುರು ಅಂದರು: "ಪದಕ್ಕೆ ಬಾರದೋಳು ಊಟಕ್ಕೆ ಬಂದ್ಲು ನೋಡ್ರವ್ವ."

ಮಾರಮ್ಮ ಗೇಟಿನಿಂದಲೇ ಹಿಂದಿರುಗಿದರು. ಒಂದು ಲೋಟ ನೀರನ್ನೂ ಮುಟ್ಟಲಿಲ್ಲ. ಅವತ್ತಿನಿಂದ ಅತ್ತಿಗೆ ನಾದಿನಿಗೆ ಮಾತಿಲ್ಲ. ಅವತ್ತಿನಿಂದ ಮಾರಮ್ಮ ಯಾರ ಮದುವೆಗೆ ಹೋದರೂ ಹಿಂದಿನ ದಿನವೇ, ಚಪ್ಪರ ಹಾಕುವವರಿಗಿಂತ ಮೊದಲೇ ಹೋಗಿ ಕೂರುತ್ತಿದ್ದರು.

ಕೆಂಚಮ್ಮನ ಎರಡನೇ ಮೊಮ್ಮಗಳು ಬಿಂದುಶ್ರೀಯ ಮದುವೆ ಎರಡು ಸಾವಿರದ ನಾಲ್ಕರ ಏಪ್ರಿಲ್ ಹದಿನೆಂಟಕ್ಕೆ ಗೊತ್ತಾಯಿತು. ಮಾರ್ಚ್ ಮೊದಲ ವಾರ ಕೆಂಚಮ್ಮ ನನ್ನ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಬಂದು ಕೂತರು.

"ಲೋ ನಟರಾಜ, ನಿನ್ ಮಿಷನ್ನಲ್ಲಿ ಪದ ಹಿಡೀತೀಯಂತೆ?"

"ಹಿಡೀತೀನಿ ಅಜ್ಜಿ."

"ನಾನೊಂದು ದಿನ ಹೇಳಿ, ಇನ್ನೊಬ್ಳು ಇನ್ನೊಂದು ದಿನ ಹೇಳಿದ್ರೆ ಜೊತೇಲಿ ಹೇಳ್ದಂಗೆ ಆಯ್ತದಾ? ಮಖ ನೋಡ್ದೆ?"

ಇಲ್ಲಿ ನಾನು "ಗೊತ್ತಿಲ್ಲ" ಅನ್ನಬೇಕಿತ್ತು. ನನ್ನದೇ ಕೀಬೋರ್ಡು ನನ್ನದೇ ಹಾಡಿಗೆ ಕೂಡದೆ ತಿಂಗಳುಗಳೇ ಆಗಿದ್ದವು. ಆದರೆ ನನ್ನ ಮೆಟ್ಟಿಲ ಮೇಲೆ ಗಿರಾಕಿ ಎಂದು ಬಂದ ಮೊದಲ ಮನುಷ್ಯರು ಅವರು. "ಅದಕ್ಕೇ ಇರೋದಲ್ವಾ ಅಜ್ಜಿ ಇದು!" ಅಂದುಬಿಟ್ಟೆ.

ಮುಂದಿನ ಭಾನುವಾರ ಕಂಪ್ಯೂಟರನ್ನು ಎಸ್ಟೇಟಿನ ಸ್ಟೋರಿಗೆ ಹೊತ್ತೆ. ಕಾಫಿ ಮೂಟೆಗಳು ಛಾವಣಿ ಮುಟ್ಟುವ ಹಾಗೆ ಪೇರಿಸಿದ್ದರಿಂದ ಅಲ್ಲಿ ಮಾತು ಗೋಡೆಗೆ ಬಡಿದು ವಾಪಸು ಬರುತ್ತಿರಲಿಲ್ಲ. ಇದು ನಾನು ಸ್ವಂತ ತಲೆಯಿಂದ ಕಂಡುಹಿಡಿದ ಏಕೈಕ ವಿಷಯ, ಬರೆಯದೆ ಬಿಟ್ಟರೆ ಹೊಟ್ಟೆ ಉರಿಯುತ್ತದೆ. ಕೆಂಚಮ್ಮ ಎರಡು ಮೂಟೆಯ ನಡುವೆ ಕೂತು, ತಮ್ಮ ಸಾಲುಗಳನ್ನಷ್ಟೇ ಹೇಳಿದರು. ನಡುವೆ ನಾದಿನಿಯ ಸಾಲಿನಷ್ಟು ಹೊತ್ತು ತುಟಿಯಲ್ಲೇ ಅದನ್ನು ಹೇಳಿಕೊಂಡು ಜಾಗ ಬಿಟ್ಟರು. ಒಂದು ಕಡೆಯೂ ತಪ್ಪಲಿಲ್ಲ. ತಪ್ಪಿದ್ದು ನಾನು. ಮೊದಲ ಸಲ ರೆಕಾರ್ಡಿನ ಬಟನ್ ಒತ್ತದೆ ಕೂತಿದ್ದೆ, ಎರಡನೇ ಸಲ ಕರೆಂಟು ಹೋಯಿತು. ಮೂರನೇ ಸಲ ಸಿಕ್ಕಿತು.

ಮಾರಮ್ಮನನ್ನು ಒಪ್ಪಿಸಲು ತಿಮ್ಮಯ್ಯ ಹೆತ್ತೂರಿಗೆ ಮೂರು ಸಲ ಹೋಗಬೇಕಾಯಿತು. "ಹುಡುಗಿ ಏನು ಮಾಡ್ತು ಪಾಪ, ಹೇಳ್ತೀನಿ. ಅವಳ ಹೊಸ್ಲು ತುಳಿಯಾಕಿಲ್ಲ" ಎಂಬ ಕರಾರಿನ ಮೇಲೆ ಒಪ್ಪಿದರು. ಹೇಳಿದ ದಿನ ಎರಡು ಬಸ್ಸು ಬದಲಿಸಿ ಬಂದು, ತವರಿನ ಗೇಟಿನೆದುರೇ ತಲೆ ತಿರುಗಿಸದೆ ನಡೆದು, ನಾನು ಹಲ್ಲುಜ್ಜುತ್ತಿರುವಾಗಲೇ ಸ್ಟೋರಿನ ಬಾಗಿಲಲ್ಲಿ ನಿಂತಿದ್ದರು.

ಹೆಡ್‌ಫೋನು ಹಾಕಿ ಕೆಂಚಮ್ಮನ ದನಿ ಬಿಟ್ಟೆ. ಆರು ವರ್ಷದ ಮೇಲೆ ಕೇಳುತ್ತಿದ್ದ ದನಿ. ಮಾರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಮೂಟೆಯನ್ನೇ ನೋಡುತ್ತಾ ಪೂರ್ತಿ ಕೇಳಿದರು.

"ಗಂಟಲು ಒಣಗ್ಬುಟ್ಟೈತೆ ಇವಳದ್ದು," ಅಂದರು. "ಜೀರಿಗೆ ನೀರು ಕುಡೀಬೇಕು ಅಂತ ಯಾರೂ ಹೇಳಿಲ್ವಾ? ಹಾಕು ಮೊದ್ಲಿಂದ."

ಒಂದೇ ಸಲಕ್ಕೆ ಹೇಳಿ ಮುಗಿಸಿದರು. ಕೇಳಿಸೋಣವೆಂದರೆ ಕಂಪ್ಯೂಟರ್ ಅಲ್ಲಾಡದೆ ನಿಂತುಬಿಟ್ಟಿತು. ಮಧ್ಯಾಹ್ನದ ಬಸ್ಸಿಗೆ ಅವರನ್ನು ಬಿಟ್ಟು ಬಂದು, ಡಬ್ಬಿಯನ್ನು ಆರಿಸಿ ಹೊತ್ತಿಸಿ, ಎರಡು ದನಿಯನ್ನೂ ಒಟ್ಟಿಗೆ ಕೇಳಿದೆ.

ಮಾರಮ್ಮ ತಡವಾಗಿದ್ದರು. ಪ್ರತಿ ಸಾಲಿನಲ್ಲೂ. ಕೆಂಚಮ್ಮನ ಸಾಲು ಮುಗಿದು, ಒಂದು ಚಿಟಿಕೆ ಹೊಡೆಯುವಷ್ಟು ಖಾಲಿ ಬಿದ್ದು, ಆಮೇಲೆ ಇವರ ದನಿ. ಬಿಂದುಶ್ರೀ ಹದಿನಾರು ಸಾಲಿನಲ್ಲಿ ಹದಿನಾರು ಸಲ ದಾರಿಯಲ್ಲಿ ನಿಂತಳು.

ಈಗ ಇದನ್ನು ಬರೆಯುವಾಗಲೂ ಮೈ ಉರಿಯುತ್ತದೆ. ನನ್ನ ಕೀಬೋರ್ಡು ತಡವಾದಾಗ ನನಗೆ ತಾಳವಿಲ್ಲ ಅಂದುಕೊಂಡೆ. ಮಾರಮ್ಮನ ದನಿ ತಡವಾದಾಗ ಅವರಿಗೆ ವಯಸ್ಸಾಯಿತು ಅಂದುಕೊಂಡೆ. ಮನುಷ್ಯರ ಮೇಲೆ ಎರಡು ಅನುಮಾನ ಬಂತು, ಆ ಹಳೆಯ ಡಬ್ಬಿಯ ಮೇಲೆ ಒಂದೂ ಬರಲಿಲ್ಲ. ಕೆಂಚಮ್ಮನನ್ನು ಕರೆದು ಕೇಳಿಸಿದೆ. ಸುಮ್ಮನೆ ಕೇಳಿಸಿದ್ದರೂ ಆಗುತ್ತಿತ್ತು. ಪಕ್ಕದಲ್ಲಿ ನಿಂತು, "ವಯಸ್ಸಾಯ್ತಲ್ಲ ಅಜ್ಜಿ, ಮೊದಲಿನ ಹಾಗೆ ಎಲ್ಲಿ ಬರುತ್ತೆ?" ಎಂದು ತಜ್ಞನ ಅಭಿಪ್ರಾಯವನ್ನೂ ಕೊಟ್ಟೆ.

ಕೆಂಚಮ್ಮ ಎದ್ದು ನಿಂತರು. "ಅವತ್ತೂ ತಡ, ಇವತ್ತೂ ತಡ. ಮಿಷನ್ನೊಳಿಕ್ಕೂ ತಡವಾಗೇ ಬಂದ್ಲು!"

ಆ ಮಾತು ಹಾನುಬಾಳಿನ ಅಂಗಡಿಯಲ್ಲಿ ಹತ್ತಿ, ಸಕಲೇಶಪುರದಲ್ಲಿ ಬಸ್ಸು ಬದಲಿಸಿ, ಎರಡೇ ದಿನದಲ್ಲಿ ಹೆತ್ತೂರು ಮುಟ್ಟಿತು. ಮೂರನೇ ದಿನ ಬೆಳಿಗ್ಗೆ ನಾನು ಹಾಜರಿ ಪುಸ್ತಕ ಹಿಡಿದು ಆಳುಗಳ ಲೈನ್‌ಮನೆಗಳ ಕಡೆ ಹೊರಟಿದ್ದಾಗ ಎದುರಿಗೆ ಮಾರಮ್ಮ ಬಂದರು. ಕೈಯಲ್ಲಿ ಛತ್ರಿ ಇತ್ತು. ಬಿಸಿಲೂ ಇರಲಿಲ್ಲ, ಮಳೆಯೂ ಇರಲಿಲ್ಲ.

"ಏನೋ ಮಾರಾಯ, ನಾನು ತಡ ಅಂದ್ಯಂತೆ?"

"ನಾನಲ್ಲ ಅಮ್ಮ, ಕಂಪ್ಯೂಟರಲ್ಲಿ ಹಾಗೆ…"

"ಅದಕ್ಕೆ ಬಾಯಿ ಐತಾ?"

"ಇಲ್ಲ."

"ಮತ್ತೆ ವಯಸ್ಸಾಯ್ತು ಅಂದದ್ದು ಯಾವ ಬಾಯಿ?"

ಮಾರಮ್ಮ ಛತ್ರಿಯ ತುದಿಯಲ್ಲಿ ನನ್ನ ಕ್ವಾರ್ಟರ್ಸನ್ನು ತೋರಿಸಿದರು. ಒಳಗೆ ಹೋಗಿ ಕಂಪ್ಯೂಟರ್ ಹಾಕಿದೆ. ಪರದೆಯ ಮೇಲೆ ಎರಡು ದನಿಯ ಗೆರೆಗಳು ಬಂದವು.

"ಇದ್ಯಾತರ ಕಂಬ್ಳಿಹುಳ?"

"ಮೇಲಿನದು ಕೆಂಚಜ್ಜಿಯ ದನಿ. ಕೆಳಗಿನದು ನಿಮ್ಮದು. ನೋಡಿ, ಅದು ಮುಗಿದ ಮೇಲೆ ಇದು ಶುರುವಾಗುತ್ತೆ. ನಡುವೆ ಸಂದು ಇದೆ."

ಅವರು ಆ ಸಂದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬಂದ ಸಿಟ್ಟು ಕೂಗಾಟದ್ದಲ್ಲ, ದನಿ ತಗ್ಗಿಸಿದ ಸಿಟ್ಟು.

"ಒಂದೇ ಒಳ್ಳಿಗೆ ಎರಡು ಒನಕೆ ಹಾಕಿ ಕುಟ್ದೋರು ಕಣೋ ನಾವು, ನಾಲ್ಕು ವರ್ಷ. ಅವಳ ಒನಕೆ ಎದ್ದಾಗ ನಂದು ಬೀಳ್ಬೇಕು, ನಂದು ಎದ್ದಾಗ ಅವಳದ್ದು. ಒಳ್ಳು ಬಳಿಯಾಕೆ ನಡುವೆ ಕೈ ಹಾಕ್ತಿದ್ಲು ಅವಳು, ನನ್ ಒನಕೆ ಮೇಲಿರೋ ಹೊತ್ನಾಗೆ. ನಾನು ಈ ನಿನ್ ಸಂದಿನಷ್ಟು ಹಿಂದ್ಮುಂದಾಗಿದ್ರೆ ಅವಳ ಬೆರಳು ಇರ್ತಿದ್ವಾ? ಹೋಗಿ ಎಣಿಸ್ಕೊಂಡು ಬಾ, ಹತ್ತೂ ಅವೆ."

ನಾನು ತಲೆ ತಗ್ಗಿಸಿದೆ.

"ತಲೆ ತಗ್ಗಿಸ್ಬ್ಯಾಡ, ಚಪ್ಪಾಳೆ ಹೊಡಿ. ಹತ್ತು ಚಪ್ಪಾಳೆ ಹೊಡ್ದು ಅದ್ರೊಳಿಕ್ಕೆ ಹಾಕು. ಆಮೇಲೆ ಅದನ್ನ ಕೇಳ್ತಾ ಅದ್ರ ಮೇಲೆ ಇನ್ನೊಂದ್ ಹತ್ತು ಹೊಡಿ. ನೀನೆಷ್ಟು ಚುರುಕು ನೋಡಾನ."

ಹೊಡೆದೆ. ಮತ್ತೆ ಹೊಡೆದೆ. ಎರಡೂ ಸಾಲನ್ನು ಒಟ್ಟಿಗೆ ಬಿಟ್ಟಾಗ ಟಪ್ಪಟಪ್, ಟಪ್ಪಟಪ್ ಎಂದು ಕೇಳಿಸಿತು. ನನ್ನ ಎರಡನೇ ಚಪ್ಪಾಳೆ ಹತ್ತೂ ಸಲ ತಡ. ಮಾರಮ್ಮ ಹೆಡ್‌ಫೋನು ಕಸಿದು ತಾವೂ ಹತ್ತು ಹೊಡೆದರು. ಅವೂ ತಡ. ಪರದೆಯ ಮೇಲೆ ಬೆರಳಿಟ್ಟು ಅಳೆದರು: ನನ್ನ ಸಂದು, ಅವರ ಸಂದು, ಪದದ ಸಂದು. ಮೂರೂ ಒಂದೇ ಬೆರಳ ಅಗಲ.

"ಅರವತ್ತು ದಾಟಿದೋಳೂ ಅಷ್ಟೇ ತಡ, ಇಪ್ಪತ್ತಾರರ ಹುಡ್ಗನೂ ಅಷ್ಟೇ ತಡ. ವಯಸ್ಸಾಗಿರೋದು ಯಾರಿಗ್ಲಾ ಈಗ? ನಿನ್ ಮಿಷನ್‌ಗೆ!"

ಹನ್ನೆರಡು ತಿಂಗಳಲ್ಲಿ ನನಗೆ ಹೊಳೆಯದ್ದನ್ನು, ಕಂಪ್ಯೂಟರನ್ನು ಎರಡನೇ ಸಲ ನೋಡುತ್ತಿದ್ದ ಹೆಂಗಸು ಹತ್ತು ನಿಮಿಷದಲ್ಲಿ ಪತ್ತೆ ಹಚ್ಚಿದ್ದರು. ಆಫೀಸಿಗೆ ಓಡಿ ರಯೀಸನಿಗೆ ಫೋನ್ ಮಾಡಿದೆ.

"ಅದು ಎಲ್ಲಾರ್ಗೂ ಆಗ್ತದೆ ಅಣ್ಣ," ಅಂದ, ಅಡಿಕೆ ಅಗಿಯುತ್ತಾ. "ಕಂಪ್ಯೂಟರ್ ಕೇಳಿಸ್ಕೊಂಡು ಬರ್ಕೊಳ್ಳೋಕೆ ಒಂಚೂರು ಟೈಮ್ ತಗೊಳ್ತದೆ. ಕೆಳಗಿನ ಸಾಲನ್ನ ಮೌಸಲ್ಲಿ ಹಿಡ್ದು ಎಡಕ್ಕೆ ಎಳೀರಿ, ಕೂತ್ಕೊಳ್ತದೆ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಮಾರಾಯ?"

"ನೀವು ಕೇಳಿದ್ರಾ? ಫೋನ್ ಮಾಡ್ದಾಗೆಲ್ಲ ದನಿಗೆ ಎಕೋ ಹಾಕೋದು ಹೆಂಗೆ ಅಂತಲೇ ಕೇಳ್ತಿದ್ರಿ."

ವಾಪಸು ಬಂದು ಒಂದು ಬೆರಳ ಅಗಲ ಎಡಕ್ಕೆ ಎಳೆದೆ. ಅಷ್ಟೇ. ನಾನೂರು ಪುಟದ ವಿದ್ಯೆ ಅಷ್ಟೇ ಇದ್ದದ್ದು. ಎರಡು ದನಿಯೂ ಒಂದರ ಬಾಲ ಇನ್ನೊಂದು ಹಿಡಿದು ಹೋದವು, ಬೆರಳು ತೂರಿಸಲು ಜಾಗವಿಲ್ಲದ ಹಾಗೆ. ಎದುರಿಗೆ ಕೂತು ಹೇಳಿದ್ದರೂ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲವೇನೋ. ನಾನು ಬಹಳ ಖುಷಿಯಾಗಿ ಅವರ ಮುಖ ನೋಡಿದೆ. ಅಂದಹಾಗೆ, ಆಮೇಲೆ ನನ್ನ ಕೀಬೋರ್ಡನ್ನೂ ಎಡಕ್ಕೆ ಎಳೆದು ನೋಡಿದೆ. ಅದು ಆಗಲೂ ಹಾಡಿಗೆ ಕೂಡಲಿಲ್ಲ.

ಮಾರಮ್ಮ ಮಾತ್ರ ಖುಷಿಯಾಗಿರಲಿಲ್ಲ. "ಸರಿಹೋಯ್ತಾ?"

"ಸರಿಹೋಯ್ತು ಅಮ್ಮ. ಮದುವೆಗೆ ಇದನ್ನೇ ಹಾಕಬಹುದು."

"ಪದ ಸರಿಹೋಯ್ತು. ನನ್ ಹೆಸ್ರು? ಅದನ್ನೂ ಎಡಕ್ಕೆ ಎಳೀತೀಯಾ?"

ನಾನು ಮೌಸಿನಿಂದ ಕೈ ತೆಗೆದೆ.

"ಅಳಿಸು."

"ಅಮ್ಮ, ಮದುವೆಗೆ ಇನ್ನು ಎಂಟೇ ದಿನ…"

"ನನ್ ದನಿ, ಅಳಿಸು ಅಂದೆ. ನಾನ್ ನೋಡ್ತಿರ್ಬೇಕು."

ಕೆಳಗಿನ ಹುಳ ಮಾಯವಾಗುವವರೆಗೆ ನಿಂತು ನೋಡಿ, ಛತ್ರಿ ಹಿಡಿದು ಹೋದರು. ಮೇಲಿನ ಸಾಲಿನಲ್ಲಿ ಕೆಂಚಮ್ಮನ ದನಿ ಒಂಟಿಯಾಗಿ ಉಳಿಯಿತು, ಹದಿನಾರು ಕಡೆ ಬಾಯಿ ತೆರೆದುಕೊಂಡು.

ಅದೇ ಸಂಜೆ ಕೆಂಚಮ್ಮನ ಹಟ್ಟಿಯ ಎದುರು ನಿಂತು ಎಲ್ಲ ಹೇಳಿದೆ. ಅವರು ಸಗಣಿ ತಟ್ಟುತ್ತಿದ್ದರು. ಅದರಲ್ಲೇ ಹೊಡೆಯುತ್ತಾರೆ ಅಂದುಕೊಂಡೆ, ಹೊಡೆದಿದ್ದರೆ ಸುಲಭವಿತ್ತು.

"ಆರು ವರ್ಷದ ಹಿಂದೆ ನನ್ ಬಾಯಲ್ಲಿ ಆ ಮಾತು ಹೇಳಿಸಿದ್ದು ಕೆಟ್ಟು ನಿಂತ ಬಸ್ಸು," ಅಂದರು. "ಎರಡ್ನೇ ಸಲ ಹೇಳಿಸಿದ್ದು ನಿನ್ ಕೆಟ್ಟ ಡಬ್ಬ. ಎರಡು ಸಲವೂ ಮಿಷನ್ದು ತಪ್ಪು, ಬೈದಿದ್ದು ಅವಳನ್ನ. ನನ್ ನಾಲಿಗೆಗೆ ಏನ್ ಮಾಡ್ಬೇಕು ಹೇಳು." ಕೈ ತೊಳೆದುಕೊಂಡರು. "ನಾಳೆ ಬೆಳಿಗ್ಗೆ ಬೈಕ್ ತೆಗಿ."

"ಎಲ್ಲಿಗೆ?"

"ಇನ್ನೆಲ್ಲಿಗೆ, ನಿನ್ ಮಾವನ ಮನೇಗಾ? ಹೆತ್ತೂರಿಗೆ."

ಎಲೆ ಅಡಿಕೆ, ತೆಂಗಿನಕಾಯಿ, ಲಗ್ನಪತ್ರಿಕೆಯನ್ನು ಮಡಿಲಿಗೆ ಕಟ್ಟಿಕೊಂಡು, ಅರವತ್ತನಾಲ್ಕರ ಹೆಂಗಸು ನನ್ನ ಬೈಕಿನ ಹಿಂದೆ ಕೂತರು. ದಾರಿಯುದ್ದಕ್ಕೂ ನನ್ನ ಬೆನ್ನಿಗೆ ಬೈಗುಳ. ಮಾರಮ್ಮನ ಅಂಗಳದಲ್ಲಿ ಅಕ್ಕಪಕ್ಕದವರು ನಾಲ್ಕೈದು ಜನ ಏಲಕ್ಕಿ ಆರಿಸುತ್ತಾ ಕೂತಿದ್ದರು. ಮಾರಮ್ಮ ನಮ್ಮನ್ನು ಕಂಡದ್ದೇ ಒಳಗೆ ಹೋದರು. ಕೆಂಚಮ್ಮ ಹೊಸಿಲು ದಾಟಲಿಲ್ಲ. ಅಂಗಳದ ನಡುವೆ ನಿಂತು, ಚೈತ್ರಶ್ರೀಯ ಮದುವೆಯ ದಿನ ಎಷ್ಟು ಜೋರಾಗಿ ಅಂದಿದ್ದರೋ ಅಷ್ಟೇ ಜೋರಾಗಿ ಅಂದರು:

"ಮಾರಿ ತಡ ಮಾಡಿರ್ಲಿಲ್ಲ. ಅವತ್ತೂ ಮಾಡಿರ್ಲಿಲ್ಲ, ಮೊನ್ನೆಯೂ ಮಾಡಿರ್ಲಿಲ್ಲ. ತಪ್ಪಂದೋಳು ನಾನು, ತಪ್ಪಾಗಿ ಹಿಡ್ದೋನು ಇವನು. ನೋಡ್ಕಳಿ, ಇವನೇ."

ಎಲ್ಲರೂ ನನ್ನನ್ನು ನೋಡಿದರು. ಮಾರಮ್ಮ ಹೊರಗೆ ಬರಲಿಲ್ಲ. ಎಲೆ ಅಡಿಕೆಯನ್ನು ಜಗಲಿಯ ಮೇಲಿಟ್ಟು ಬಂದೆವು.

ಮದುವೆಯ ಹಿಂದಿನ ದಿನ ಚಪ್ಪರಕ್ಕೆ ಗಳ ನೆಡುವವರು ಬಂದಾಗ ಮಾರಮ್ಮ ತವರಿನ ಜಗಲಿಯ ಮೇಲೆ ಕೂತಿದ್ದರಂತೆ. ಕೊಟ್ಟ ಕಾಫಿ ಕುಡಿದರು. ಕೆಂಚಮ್ಮನ ಜೊತೆ ಮಾತ್ರ ಮಾತಿಲ್ಲ. ನನಗೆ, "ನೀನು ಡಬ್ಬ ತರಕೂಡ್ದು" ಎಂದು ತಿಮ್ಮಯ್ಯನಿಂದ ಹೇಳಿ ಕಳಿಸಿದರು.

ಮದುವೆಯ ಮಧ್ಯಾಹ್ನ ಹೆಣ್ಣೊಪ್ಪಿಸುವ ಹೊತ್ತು ಬಂತು. ಬಿಂದುಶ್ರೀ ಎರಡೂ ಕಡೆಯವರ ನಡುವೆ ನಿಂತಿದ್ದಳು. ಗಂಡಿನವರ ಬಸ್ಸಿನ ಡ್ರೈವರ್ ಆಗಲೇ ಎರಡು ಸಲ ಹಾರನ್ ಒತ್ತಿದ್ದ. ಕೆಂಚಮ್ಮ ಮೊದಲ ಸಾಲು ಹೇಳಿದರು.

ಮಾರಮ್ಮ ಎತ್ತಿಕೊಳ್ಳಲಿಲ್ಲ.

ಚಪ್ಪರದಲ್ಲಿ ಪಿಸುಮಾತು ಎದ್ದಿತು. ಮೊದಲ ಸಾಲಷ್ಟನ್ನು ಮತ್ತೆ ಹೇಳಬಹುದು. ಮನೆಯಿಂದ ಹೋದ ಮಗಳು ಕೂಗಿಗೆ ಓಗೊಡುವ ತನಕ ಕರೆಯುವುದು ಕರೆಯುವವಳ ಪಾಡು, ಅದರಲ್ಲಿ ದೋಷವಿಲ್ಲ. ಕೆಂಚಮ್ಮ ಎರಡನೇ ಸಲ ಹೇಳಿದರು. ಮಾರಮ್ಮ ಚಪ್ಪರದ ಸೋಗೆ ಎಣಿಸುತ್ತಿದ್ದವರ ಹಾಗೆ ಮೇಲೆ ನೋಡುತ್ತಾ ಕೂತಿದ್ದರು. ಬಿಂದುಶ್ರೀಯ ಕಣ್ಣಲ್ಲಿ ನೀರು ಬಂತು. ತಿಮ್ಮಯ್ಯ ನನ್ನ ಕಡೆ ನೋಡಿದ ನೋಟವನ್ನು ಬರೆಯುವುದಿಲ್ಲ. ಕೆಂಚಮ್ಮ ಮೂರನೇ ಸಲ ಹೇಳಿದರು. ಈ ಸಲ ಅವರ ದನಿ ನಡುವೆ ಒಡೆಯಿತು. ಒಡೆದ ಜಾಗದಲ್ಲೇ ಮಾರಮ್ಮ ಹಿಡಿದರು, ಸಾಲು ಮುಗಿಯಲು ಇನ್ನೂ ಎರಡು ಮಾತು ಇರುವಾಗಲೇ. ಅಲ್ಲಿಂದ ಹದಿನಾರನೇ ಸಾಲಿನ ತನಕ ಕೂದಲೆಳೆ ಹೋಗುವಷ್ಟೂ ಸಂದಿರಲಿಲ್ಲ. ಇಬ್ಬರ ಮುಖವೂ ಸಿಟ್ಟಿನಲ್ಲಿ ಕೆಂಪಗಿತ್ತು. ಜಗಳಕ್ಕೆ ನಿಂತವರ ಹಾಗೆ ಹಾಡಿದರು. ಹುಡುಗಿ ಸರಿಯಾಗಿ ಬಸ್ಸು ಹತ್ತಿದಳು.

ಮಾರಮ್ಮ ಊಟ ಮಾಡಿಕೊಂಡೇ ಹೋದರು, ಎರಡು ಸಲ ಪಾಯಸ ಹಾಕಿಸಿಕೊಂಡು.

ಜೂನ್‌ನಲ್ಲಿ ಒಂದು ಮಂಗಳವಾರ ಹಾನುಬಾಳಿನ ಕಾಯಿನ್ ಫೋನಿಗೆ ಹೋದಾಗ ನನಗಿಂತ ಮುಂದೆ ಕೆಂಚಮ್ಮ ನಿಂತಿದ್ದರು. ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು, ಹೆತ್ತೂರಿಗೆ ನೇರವಾಗಿ ಕೇಳಿಸಲಿ ಎನ್ನುವ ಹಾಗೆ ಕೂಗುತ್ತಿದ್ದರು.

"ಮೂರು ಸಲ! ಮೂರು ಸಲ ಹೇಳಿಸ್ದೆ ನನ್ ಕೈಲಿ, ನೆಂಟರ ಮುಂದೆ! ಒಂದಕ್ಕೆ ಬಂದಿದ್ರೆ ನಿನ್ ಗಂಟೇನು ಹೋಗ್ತಿತ್ತು? … ಏನಂದೆ? ಯಾರ ಗಂಟಲು ಒಣಗೈತೆ?"

ಫೋನು ಕುಯ್ ಕುಯ್ ಎಂದಿತು. ಕೆಂಚಮ್ಮ ರಿಸೀವರಿನ ಬಾಯಿಯನ್ನು ಕೈಯಿಂದ ಮುಚ್ಚಿ ನನ್ನ ಕಡೆ ತಿರುಗಿದರು.

"ಲೋ ನಟರಾಜ, ಇನ್ನೊಂದು ರೂಪಾಯಿ ಇದ್ರೆ ಹಾಕೋ ಬೇಗ. ಅವಳಿಗಿನ್ನೂ ಬೈದು ಮುಗ್ದಿಲ್ಲ."